ಅಮ್ಮನ ಸೊಂಟಕ್ಕಾಗಿ ಪ್ರಾರ್ಥನೆ

ಸನ್ನಿಸೈಡ್, ವಾಷಿಂಗ್ಟನ್
2 ಮೇ 2014

ಪ್ರಿಯ ಸಹೋದರಿ ಕಾಸಿಲ್ದಾಗೆ,

ದೇವರ ಸಮಾಧಾನ ನಿನ್ನೊಂದಿಗಿರಲಿ. ನಿನ್ನನ್ನು ಆ ಆಸ್ಪತ್ರೆಯಲ್ಲಿ ಬಿಟ್ಟು ಬಂದು ಇವತ್ತಿಗೆ ಸರಿಯಾಗಿ ಎರಡು ವಾರ. ಫೋನು ಮಾಡೋಣವೆಂದರೆ ನಿಮ್ಮ ವಾರ್ಡಿಗೆಲ್ಲ ಸೇರಿ ಒಂದೇ ಫೋನಂತೆ, ಅದೂ ಎಲ್ಲರ ಕಿವಿಗೆ ಬೀಳುವಂತೆ ಮೊಗಸಾಲೆಯ ನಡುವೆ ಇದೆಯಂತೆ. ಹಾಗಾಗಿ ಕಾಗದ. ನನ್ನ ಬರಹ ಕೋಳಿ ಕೆದಕಿದ ಹಾಗಿದೆ ಎಂದು ನನ್ನ ಹೆಂಡತಿ ಬದುಕಿದ್ದಷ್ಟು ದಿನವೂ ನಗುತ್ತಿದ್ದಳು. ನೀನೂ ಬೇಕಾದರೆ ನಗು, ಬೇಜಾರಿಲ್ಲ.

ಆ ಗುರುವಾರ ಬೆಳಿಗ್ಗೆಯ ಬಗ್ಗೆ ಚಿಂತಿಸಬೇಡ. ಸಭೆ ನಡೆಸುವುದು ದೇವರ ಕೆಲಸ, ಕಾಲುವೆಯ ತೂಬು ತೆರೆಯುವುದು ಸಂಬಳದ ಕೆಲಸ. ಅವತ್ತು ಎರಡೂ ಒಂದೇ ಆಯಿತು ಅಂದುಕೊಳ್ಳುತ್ತೇನೆ. ನಾನಲ್ಲದೆ ಬೇರೆ ಯಾರಾದರೂ ಬಂದಿದ್ದರೆ ಎಂದು ಈಗಲೂ ನೆನೆಯುತ್ತೇನೆ. ನೀನು ಎದೆಮಟ್ಟ ನೀರಿನಲ್ಲಿ ನಿಂತು ಯಾರೊಂದಿಗೋ ಜಗಳವಾಡುತ್ತಿದ್ದದ್ದನ್ನು ನೋಡಿದವನು ನಾನೊಬ್ಬನೇ. ಅದು ನನ್ನ ಹೊಟ್ಟೆಯಲ್ಲೇ ಇರುತ್ತದೆ.

ನಿನ್ನ ಭಾನುವಾರದ ಶಾಲೆಯ ಮಕ್ಕಳನ್ನು ಓರ್ತೆನ್ಸಿಯಾ ಅಕ್ಕ ನೋಡಿಕೊಳ್ಳುತ್ತಿದ್ದಾರೆ. ಗುರುವಾರಗಳಲ್ಲಿ ನೀನು ನನ್ನೊಡನೆ ಮಾತಾಡಲು ಬಂದಾಗ ಬಾಗಿಲು ಕಾಯುತ್ತಿದ್ದವರಿಗೆ ಈಗ ಬಡ್ತಿ. ಅವರು ಗೋಲ್ಯಾತನ ಕಥೆ ಹೇಳುವ ದನಿಗೆ ಗೋಡೆಯಾಚೆಯ ಟೈರ್ ಅಂಗಡಿಯವನೂ ಬೈಬಲ್ ಕಲಿಯುತ್ತಿದ್ದಾನೆ. ಮಕ್ಕಳು ನಿನ್ನನ್ನೇ ಕೇಳುತ್ತವೆ.

ಸಭೆಯವರೆಲ್ಲ ನಿನಗಾಗಿ ಪ್ರಾರ್ಥಿಸುತ್ತಿದ್ದಾರೆ. ಧೈರ್ಯವಾಗಿರು, ಕೀರ್ತನೆಗಳನ್ನು ಓದು, ಡಾಕ್ಟರು ಹೇಳಿದಂತೆ ಕೇಳು.

ಕ್ರಿಸ್ತನಲ್ಲಿ ನಿನ್ನ ಪಾಸ್ಟರ್,
ಅಬ್ದಿಯಾಸ್ ಲೆದೆಸ್ಮಾ


ಆಸ್ಪತ್ರೆ, ಮೂರನೇ ಮಹಡಿ
11 ಮೇ 2014

ಪಾಸ್ಟರ್ ಅಬ್ದಿಯಾಸ್ ಅವರಿಗೆ ವಂದನೆಗಳು.

ನಿಮ್ಮ ಕಾಗದ ಬಂತು. ಇಲ್ಲಿ ನರ್ಸು ಲಕೋಟೆಯನ್ನು ನಮ್ಮ ಮುಂದೆಯೇ ಒಡೆದು, ಒಳಗೆ ಬ್ಲೇಡು ಗೀಡು ಇಲ್ಲವೆಂದು ನೋಡಿ ಕೊಡುತ್ತಾಳೆ. ಓದುವುದಿಲ್ಲ. ಓದಿದರೂ ನಮ್ಮ ಭಾಷೆ ಅವಳಿಗೆ ಬರುವುದಿಲ್ಲ.

ನನ್ನ ಕಾಯಿಲೆಗೆ ಬೈಪೋಲಾರ್ ಎನ್ನುತ್ತಾರೆ. ಕೆಲವು ವಾರ ನಿದ್ದೆ ಬೇಡ, ಊಟ ಬೇಡ, ಲೋಕವೇ ನನ್ನದು ಅನ್ನಿಸುತ್ತದೆ. ಆಮೇಲೆ ಎದ್ದು ಹಲ್ಲುಜ್ಜುವುದಕ್ಕೂ ಆಗದಂಥ ದಿನಗಳು ಬರುತ್ತವೆ. ಈಗ ಎರಡೂ ಇಲ್ಲ, ನಡುವೆ ಎಲ್ಲೋ ಇದ್ದೇನೆ. ಮಾತ್ರೆಯಿಂದ ಕೈ ನಡುಗುತ್ತದೆ. ಅಕ್ಷರ ನೋಡಿ, ನಿಮ್ಮ ಮನೆಯ ಕೋಳಿ ಇಲ್ಲಿಗೂ ಬಂದಿದೆ.

ಶನಿವಾರ ಭೇಟಿಯ ದಿನ. ನಿನ್ನೆ ನಮ್ಮ ನಾಡಿನ ತಾಯಂದಿರ ದಿನವೂ ಆಗಿತ್ತಲ್ಲ, ಬೆಳಿಗ್ಗೆಯೇ ತಲೆ ಬಾಚಿಕೊಂಡು ಕುಳಿತೆ. ನನ್ನ ಕೋಣೆಯಲ್ಲಿರುವ ಗ್ಲೆನ್ನಾ ಎಂಬ ಹೆಂಗಸಿಗೆ ಅವಳ ತಮ್ಮ ಡೋನಟ್ ತಂದಿದ್ದ. ನನಗೂ ಒಂದು ಕೊಟ್ಟಳು. "ನಿಮ್ಮೋರು ಯಾರೂ ಬರಲ್ವಾ?" ಎಂದು ಕೇಳಿದಳು. "ಬರ್ತಾರೆ. ಮೂರು ಗಂಟೆ ದಾರಿ ನೋಡು, ಆಸ್ಪರಾಗಸ್ ಕೊಯ್ಲು ಬೇರೆ" ಅಂದೆ.

ಮಕಾರಿಯೊ ಅಣ್ಣ ಸೇಬಿನ ತೋಟದಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ನೆನಪಿದೆಯಾ? ಆಸ್ಪತ್ರೆಯ ಮೊಗಸಾಲೆಯಲ್ಲಿ ನಮ್ಮವರೇ ಇಪ್ಪತ್ತೇಳು ಜನ. ಮೂರು ಪಾತ್ರೆ ಕೋಳಿ ಸಾರು, ಒಂದು ಬಕೆಟ್ ತಮಾಲೆ, ಅದೇ ನಮ್ಮ ಜೋಳದ ಕಡುಬು. "ಇದೇನು ಆಸ್ಪತ್ರೆನೋ ಮದುವೆ ಮನೆನೋ?" ಎಂದು ನರ್ಸು ಬೈದು ಅಟ್ಟಿದಳು. ನಾನೂ ಆ ಇಪ್ಪತ್ತೇಳರಲ್ಲಿ ಒಬ್ಬಳು. ಅದನ್ನು ನೆನೆದುಕೊಂಡು ನಿನ್ನೆ ಒಬ್ಬಳೇ ನಕ್ಕೆ.

ಯಾರು ಯಾರು ನನ್ನನ್ನು ಕೇಳಿದರು ಎಂದು ಬರೆಯಿರಿ. ಹೆಸರು ಬರೆದರೆ ಸಾಕು. ಈ ಕಾಗದವನ್ನು ಬುಧವಾರ ಹೆಂಗಸರ ಕೂಟದಲ್ಲಿ ಓದಿಬಿಡಿ, ನನ್ನದೇನೂ ಅಡ್ಡಿಯಿಲ್ಲ. ವಿಳಾಸ ಲಕೋಟೆಯ ಮೇಲಿದೆ.

ನಿಮ್ಮ ಸಹೋದರಿ,
ಕಾಸಿಲ್ದಾ ಅರ್ರಿಯೋಲಾ


ಸನ್ನಿಸೈಡ್
20 ಮೇ 2014

ಪ್ರಿಯ ಸಹೋದರಿ ಕಾಸಿಲ್ದಾಗೆ,

ನಿನ್ನ ಕಾಗದವನ್ನು ಕೂಟದಲ್ಲಿ ಓದಲಿಲ್ಲ. ಕಾರಣ ಹೇಳುತ್ತೇನೆ, ಕೋಪ ಮಾಡಿಕೊಳ್ಳಬಾರದು.

ನಿನ್ನನ್ನು ಬಿಟ್ಟು ಬಂದ ಎರಡನೇ ದಿನವೇ ಈಸ್ಟರ್. ಮಕ್ಕಳು ಹಾಡಲು ನಿಂತವು, ನೀನಿಲ್ಲ. ಎಪ್ಪತ್ತು ಮುಖಗಳು ನನ್ನ ಕಡೆ ತಿರುಗಿದವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಗಡಿಯಾಚೆ ನಮ್ಮ ನಾಡಿನಲ್ಲಿ, ಸಕಾತೆಕಾಸ್‌ನಲ್ಲಿ ಕಾಸಿಲ್ದಾಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಅವಳು ಆರೈಕೆಗೆ ಹೋಗಿದ್ದಾಳೆ ಎಂದು. ದೇವರ ಪೀಠದ ಮೇಲೆ ನಿಂತು ಹೇಳಿದ ಸುಳ್ಳು. ಅದರ ಲೆಕ್ಕವನ್ನು ನಾನು ಕೊಟ್ಟುಕೊಳ್ಳುತ್ತೇನೆ.

ಆದರೆ ಆ ಸೊಂಟ ಈಗ ನನ್ನ ಕೈಮೀರಿ ಬೆಳೆದಿದೆ. ಓರ್ತೆನ್ಸಿಯಾ ಅಕ್ಕ ಬುಧವಾರ ಎದ್ದು ನಿಂತು, "ಪಾಸ್ಟರ್ರೇ, ಎಡಗಡೆ ಸೊಂಟಾನೋ ಬಲಗಡೇದೋ? ದೇವರಿಗೆ ಸರಿಯಾಗಿ ಹೇಳ್ಬೇಕಲ್ಲ!" ಎಂದು ಕೂಗಿದರು. ಎಡಗಡೆ ಎಂದು ಕೈ ತೋರಿಸಿದೆ. ಅಂದಿನಿಂದ ಇಡೀ ಸಭೆ ಎಡ ಸೊಂಟಕ್ಕಾಗಿ ಮೊಣಕಾಲೂರುತ್ತಿದೆ. ಹೆಂಗಸರು ನಿನ್ನ ತಾಯಿಗೆ ಉಣ್ಣೆಯ ಶಾಲು ಹೆಣೆಯುತ್ತಿದ್ದಾರೆ. ಮಕಾರಿಯೊ ತನ್ನ ಊರುಗೋಲನ್ನು ಕಳಿಸಿಕೊಡುತ್ತೇನೆ ಅನ್ನುತ್ತಾನೆ.

ನೀನು ಹೆಸರು ಕೇಳಿದ್ದೆ. ಎಲ್ಲರೂ ಕೇಳುತ್ತಾರೆ, ಒಬ್ಬರನ್ನೂ ಬಿಡದೆ. ಕೇಳುವುದು ನಿನ್ನ ತಾಯಿಯನ್ನು, ಅಷ್ಟೇ.

ಹೀಗಾದದ್ದರಿಂದ ನಿನ್ನ ಮರ್ಯಾದೆ ಉಳಿಯಿತು ಮಗಳೇ. ಬಂದ ಮೇಲೆ ಯಾರೂ ನಿನ್ನನ್ನು ವಾರೆಗಣ್ಣಿನಿಂದ ನೋಡುವುದಿಲ್ಲ. ಆರೋಗ್ಯ ಸುಧಾರಿಸಿಕೊ, ಅದೊಂದೇ ನಿನ್ನ ಕೆಲಸ.

ಪಾಸ್ಟರ್ ಅಬ್ದಿಯಾಸ್


ಆಸ್ಪತ್ರೆ
4 ಜೂನ್ 2014

ಪಾಸ್ಟರ್ ಅವರಿಗೆ,

ನಿನ್ನೆ ಫೋನಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಅಮ್ಮನೊಡನೆ ಮಾತಾಡಿದೆ. ಅವಳು ಕತ್ತೆಯ ಮೇಲೆ ಸೌದೆ ಹೇರಿಕೊಂಡು ಆಗಷ್ಟೇ ಗುಡ್ಡ ಇಳಿದು ಬಂದಿದ್ದಳು. "ಸೊಂಟ ಹೇಗಿದೆ ಅಮ್ಮಾ?" ಎಂದು ಕೇಳಿದೆ. "ನನ್ನ ಸೊಂಟಕ್ಕೇನು ಧಾಡಿ? ಹುಡುಗೀರ ಥರ ಇದೆ. ನಿನ್ನ ದನಿ ಯಾಕೆ ಹಿಂಗಾಗಿದೆ?" ಅಂದಳು. ಶೀತ ಅಂದೆ. ನೋಡಿ, ನಿಮ್ಮಿಂದ ನಾನೂ ಕಲಿತೆ.

ಸಭೆಯವರೆಲ್ಲ ನಿನಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದಿರಿ. ಆ ಒಂದು ಸಾಲನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಪ್ರತಿ ಶನಿವಾರ ತಲೆ ಬಾಚಿಕೊಂಡು ಕುಳಿತೆ. ಇವರಿಗೆಲ್ಲ ನನ್ನ ವಿಷಯ ಗೊತ್ತಾಗಿದೆ, ಹೆದರಿಕೊಂಡಿದ್ದಾರೆ, ಅಸಹ್ಯಪಟ್ಟಿದ್ದಾರೆ, ಅದಕ್ಕೇ ಬರುತ್ತಿಲ್ಲ ಎಂದುಕೊಂಡು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕ್ಷಮಿಸಿದೆ. ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಕಾಲು ಮುರಿದಿದೆ ಎಂದಿದ್ದರೂ ಬರುತ್ತಿದ್ದರು. ನನ್ನ ಬದಲು ಅಮ್ಮನ ಸೊಂಟವನ್ನೇಕೆ ಮುರಿದಿರಿ?

ಮರ್ಯಾದೆ ಉಳಿಯಿತು ಎಂದು ಬರೆದಿದ್ದೀರಿ. ಯಾರ ಮರ್ಯಾದೆ ಪಾಸ್ಟರ್? ಸಭೆಯಲ್ಲಿ ಹುಚ್ಚಿಯೊಬ್ಬಳು ಮಕ್ಕಳಿಗೆ ಪಾಠ ಹೇಳುತ್ತಿದ್ದಳು ಎಂದು ಊರು ಆಡಿಕೊಂಡರೆ ಹೋಗುವುದು ನಿಮ್ಮದು.

ಇನ್ನೊಂದು ಮಾತು. ಕಳೆದ ಶನಿವಾರ ನೀವು ಬಂದಿದ್ದಿರಿ. ಇಲ್ಲಿನ ಕಿಟಕಿಯಿಂದ ಗಾಡಿ ನಿಲ್ಲಿಸುವ ಜಾಗ ಕಾಣುತ್ತದೆ. ನಿಮ್ಮ ಬೂದು ಪಿಕಪ್ಪು, ಹಿಂದೆ ಸಲಿಕೆಗಳು. ಒಳಗೇ ಕುಳಿತು ಕಟ್ಟಿಕೊಂಡು ಬಂದದ್ದನ್ನು ತಿಂದಿರಿ. ನಾನು ಗಾಜು ಬಡಿದೆ, ಕೈ ಬೀಸಿದೆ. ಇಲ್ಲಿನ ಕಿಟಕಿಗಳು ತೆರೆಯುವುದಿಲ್ಲ. ಒಂದು ಗಂಟೆ ಹತ್ತು ನಿಮಿಷ ಇದ್ದು ಹೊರಟುಹೋದಿರಿ. "ಯಾರವ್ನು?" ಎಂದು ಗ್ಲೆನ್ನಾ ಕೇಳಿದಳು. "ಯಾರೋ ಪೈಪ್ ರಿಪೇರಿಯವನು" ಅಂದೆ.

ಕಾಸಿಲ್ದಾ


ಆಸ್ಪತ್ರೆ
19 ಜೂನ್ 2014

ಪಾಸ್ಟರ್,

ಹದಿನೈದು ದಿನವಾಯಿತು. ಹೆಚ್ಚಾಗಿ ಮಾತಾಡಿಬಿಟ್ಟೆನೇನೋ. ಆ ಕಾಗದ ಬರೆದ ದಿನ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಗ್ಲೆನ್ನಾ ಸೋಮವಾರ ಮನೆಗೆ ಹೋದಳು. ಅವಳ ಹಾಸಿಗೆ ಖಾಲಿ ಇದೆ. ಈ ಮಹಡಿಯಲ್ಲಿ ನಮ್ಮ ಭಾಷೆ ಬರುವವರು ಯಾರೂ ಇಲ್ಲ, ದಿನಕ್ಕೊಮ್ಮೆ ನೆಲ ಒರೆಸಲು ಬರುವ ಬೆಲೆನ್ ಒಬ್ಬಳನ್ನು ಬಿಟ್ಟರೆ. ಅವಳು ನಮ್ಮ ಕೋಣೆಗೆ ಬಂದಾಗ ಬೇಕೆಂದೇ ನೀರು ಚೆಲ್ಲುತ್ತೇನೆ. ಇನ್ನೈದು ನಿಮಿಷ ಇರಲಿ ಎಂದು.

ಬರೆಯಲು ಏನೂ ಇಲ್ಲದಿದ್ದರೆ ಖಾಲಿ ಹಾಳೆಯನ್ನಾದರೂ ಹಾಕಿ ಕಳಿಸಿ. ಕಾಗದ ಹಂಚುವಾಗ ನರ್ಸು ಹೆಸರು ಕೂಗುತ್ತಾಳೆ.

ಕಾಸಿಲ್ದಾ


ಸನ್ನಿಸೈಡ್
24 ಜೂನ್ 2014

ಕಾಸಿಲ್ದಾ ಮಗಳೇ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದ್ದರೂ ಅಂಚೆಗೆ ಹಾಕುತ್ತೇನೆ.

ನೀನು ನೋಡಿದ್ದು ನನ್ನನ್ನೇ. ಒಂಟಿ ಹೆಂಗಸನ್ನು ಪಾಸ್ಟರ್ ಒಬ್ಬನೇ ಭೇಟಿಯಾಗಬಾರದು, ಜೊತೆಗೆ ಸಭೆಯ ಇನ್ನೊಬ್ಬ ಹೆಂಗಸಿರಬೇಕು ಎಂದು ನಮ್ಮಲ್ಲಿ ನಿಯಮ ಮಾಡಿದವನು ನಾನು. ಹೆಂಡತಿ ಹೋದ ಮೇಲಂತೂ ಇನ್ನಷ್ಟು ಬಿಗಿ ಮಾಡಿದೆ. ಯಾರನ್ನಾದರೂ ಕರೆತಂದರೆ ಅವರಿಗೆ ವಿಷಯ ತಿಳಿಯುತ್ತದೆ. ತರದಿದ್ದರೆ ನಿಯಮ ಮುರಿಯುತ್ತದೆ. ನಿನ್ನನ್ನು ಸೇರಿಸಿದ ದಿನ ಆಂಬುಲೆನ್ಸಿನಲ್ಲಿ ನರ್ಸು ಇದ್ದಳು ಎಂದು ಸಮಾಧಾನ ಹೇಳಿಕೊಂಡಿದ್ದೆ. ಆ ಶನಿವಾರ ಯಾರೂ ಇರಲಿಲ್ಲ. ಬಾಗಿಲ ತನಕ ಎರಡು ಸಲ ನಡೆದು ಹಿಂದೆ ಬಂದೆ. ಅದು ನಿನ್ನ ಕಿಟಕಿಯಿಂದ ಕಾಣಲಿಲ್ಲವೇನೋ.

ನನ್ನ ಮರ್ಯಾದೆ ಅಂದೆಯಲ್ಲ, ಅದೂ ಸ್ವಲ್ಪ ನಿಜ. ಆದರೆ ಹೆದರಿಕೆ ಬೇರೆಯದು. ಟೆಕ್ಸಸ್‌ನಲ್ಲಿದ್ದಾಗ ನನಗೆ ಇಪ್ಪತ್ತನಾಲ್ಕು ವರ್ಷ. ನಮ್ಮ ಸಭೆಯಲ್ಲಿ ಎಲಿಯಾಸಾರ್ ಎಂಬುವನಿಗೆ ನಿನ್ನ ಥರವೇ ಆಯಿತು. ದೆವ್ವ ಬಿಡಿಸಬೇಕು ಎಂದು ಹಿರಿಯರು ಮೂರು ದಿನ ಸಭೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಕಾಲು ಹಿಡಿದುಕೊಳ್ಳುವ ಕೆಲಸ ನನ್ನದು. ಎರಡನೇ ದಿನ ಅವನು ನನ್ನನ್ನೇ ನೋಡಿ, "ಅಬ್ದಿಯಾಸ್, ನೀರು ಕೊಡೋ" ಅಂದ. "ಕೇಳ್ತಿರೋದು ಅವನಲ್ಲ, ಒಳಗಿರೋದು. ಕೊಡ್ಬೇಡ" ಎಂದರು ಹಿರಿಯರು. ನಾನು ಕೊಡಲಿಲ್ಲ. ಅವನು ಸಾಯಲಿಲ್ಲ ಕಾಸಿಲ್ದಾ, ಆದರೆ ಆಮೇಲೆ ಎಂದೂ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ನಮ್ಮ ಸಭೆಯ ಹಿರಿಯ ಬೆನಿಗ್ನೊ ಎಂಥವನೆಂದು ನಿನಗೂ ಗೊತ್ತು. ತಲೆನೋವು ಎಂದರೂ ತಲೆ ಮೇಲೆ ಕೈಯಿಟ್ಟು ಅರಚುವವನು. ನಿನ್ನ ವಿಷಯ ಅವನ ಕಿವಿಗೆ ಬಿದ್ದರೆ? ಅದಕ್ಕೇ ಸೊಂಟ ಮುರಿದೆ.

ಈಗ ಒಂದೇ ಒಂದು ಸಹಾಯ ಮಾಡು. ದೂರ ಹೋಗಿ ಬಂದವರು ಎದ್ದು ನಿಂತು ಸಾಕ್ಷಿ ಹೇಳುವುದು ನಮ್ಮ ವಾಡಿಕೆಯಲ್ಲವೇ? ನೀನು ಬಂದ ಭಾನುವಾರ ಎರಡು ನಿಮಿಷ, ತಾಯಿ ನಡೆಯುತ್ತಿದ್ದಾರೆ, ದೇವರಿಗೆ ಸ್ತೋತ್ರ ಎಂದು ಹೇಳಿಬಿಡು. ಎಲ್ಲ ಅಲ್ಲಿಗೆ ಮುಗಿಯುತ್ತದೆ.

ಅಬ್ದಿಯಾಸ್


ಆಸ್ಪತ್ರೆ
6 ಜುಲೈ 2014

ಪಾಸ್ಟರ್,

ಎಲಿಯಾಸಾರ್ ವಿಷಯ ಓದಿ ಅತ್ತೆ. ಅವನಿಗಾಗಿಯೂ, ನಿಮಗಾಗಿಯೂ. ಯಾರದೋ ಮೇಲೆ ಕೋಪ ಮಾಡಿಕೊಂಡು ಕುಳಿತಿರುವಾಗ ಅವರು ಹೀಗೆಲ್ಲ ಬರೆದರೆ ಬಹಳ ಕಷ್ಟ.

ಆದರೆ ಆ ಸಾಕ್ಷಿಯನ್ನು ನಾನು ಹೇಳುವುದಿಲ್ಲ. ಇದೇ 25ರಂದು, ಶುಕ್ರವಾರ, ನನ್ನನ್ನು ಬಿಡುತ್ತಾರೆ. ಎರಡು ನಿಮಿಷದ ಮಾತು ಎಂದು ನೀವು ಬರೆದಿದ್ದೀರಿ. ಆಮೇಲೆ? ಓರ್ತೆನ್ಸಿಯಾ ಅಕ್ಕ ಶಾಲು ಕೈಗಿಟ್ಟು ಅಮ್ಮನ ನೋವಿನ ಬಗ್ಗೆ ಕೇಳುತ್ತಾರೆ. ನಾನು ಅಮ್ಮನ ನೋವನ್ನು ಕಟ್ಟಿ ಹೇಳಬೇಕು. ಕೈ ನಡುಗಿದರೆ ಅದಕ್ಕೊಂದು ಕಥೆ, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋದರೆ ಅದಕ್ಕೊಂದು ಕಥೆ. ಇಲ್ಲಿ ಮೂರು ತಿಂಗಳು ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲರೂ ಕೇಳಿದ್ದು ಒಂದೇ: ಇವತ್ತು ನಿಜವಾಗಿ ಹೇಗಿದ್ದೀಯ? ಮೊದಮೊದಲು ರೇಗುತ್ತಿತ್ತು. ಈಗ ಅದು ಅಭ್ಯಾಸವಾಗಿದೆ.

ನಿಮ್ಮ ಹತ್ತಿರ ಗುರುವಾರಗಳಲ್ಲಿ ಏಳು ತಿಂಗಳು ಬಂದೆ. ಏನೂ ಹೇಳಲಿಲ್ಲ ಎಂದು ನಿಮಗೆ ಅನ್ನಿಸಿರಬೇಕು. ಬಾಯಿಪಾಠದ ವಚನ ಮರೆತುಹೋಗುತ್ತದೆ, ಆಯಾಸ, ನಿದ್ದೆ ಬರುವುದಿಲ್ಲ, ಇಂಥವೇ ಮಾತು. ಅಸಲು ಮಾತು ಹೇಳಲು ಬಾಯಿ ತೆರೆದಾಗಲೆಲ್ಲ ಬಾಗಿಲಲ್ಲಿ ಓರ್ತೆನ್ಸಿಯಾ ಅಕ್ಕನ ಹೆಣೆಯುತ್ತಿದ್ದ ಕ್ರೋಶಾ ಕಡ್ಡಿ ನಿಂತುಬಿಡುತ್ತಿತ್ತು. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಇವತ್ತು ಹೇಳಿದರೆ ನಾಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ಸೇಬು ಆರಿಸುವ ಹೆಂಗಸರೆಲ್ಲರ ಬಾಯಲ್ಲಿ ಇರುತ್ತದೆ ಎಂದುಕೊಂಡು ನುಂಗಿಕೊಂಡೆ. ಅವರನ್ನು ಒಮ್ಮೆ ಕಾಫಿ ತರಲು ಕಳಿಸಿದ್ದರೂ ಸಾಕಿತ್ತು.

ಕಾಸಿಲ್ದಾ


ಸನ್ನಿಸೈಡ್
13 ಜುಲೈ 2014

ಕಾಸಿಲ್ದಾ,

ಓರ್ತೆನ್ಸಿಯಾ ಅಕ್ಕನ ಬಗ್ಗೆ ನೀನು ಬರೆದದ್ದಕ್ಕೆ ಒಂದು ಉತ್ತರವಿದೆ. ಅದನ್ನು ಹೇಳುವ ಹಕ್ಕು ನನಗಿಲ್ಲ. ಹಾಗಾಗಿ ಅದು ಇರಲಿ.

ಶುಕ್ರವಾರ ನಿಮ್ಮ ಆಸ್ಪತ್ರೆಯಿಂದ ಒಬ್ಬಳು ಫೋನು ಮಾಡಿದ್ದಳು, ಬಿಡುಗಡೆಯ ಏರ್ಪಾಡು ನೋಡಿಕೊಳ್ಳುವವಳಂತೆ. ನನ್ನೊಡನೆ ಮಾತಾಡಲು ನೀನೇ ಒಪ್ಪಿಗೆ ಕೊಟ್ಟಿದ್ದೀಯಂತೆ. ಮಾತಿನ ನಡುವೆ, "ಮಾತ್ರೆ ನಿಲ್ಲಿಸಿದ್ದೇ ಈ ಸಲ ಹೆಚ್ಚಾಗಲು ಕಾರಣ. ಆರು ವರ್ಷದಿಂದ ತಪ್ಪದೆ ತಗೊಳ್ತಿದ್ದವಳು ಮಾರ್ಚಲ್ಲಿ ಯಾಕೆ ಬಿಟ್ಟಳೋ, ಮತ್ತೆ ಹಾಗಾಗದ ಹಾಗೆ ನೋಡ್ಕೊಳ್ಳಿ" ಅಂದಳು.

ಮಾರ್ಚಿನಲ್ಲಿ ನಮ್ಮ ಸಭೆಯ ಇಪ್ಪತ್ತೊಂದು ದಿನದ ಉಪವಾಸ. ಸೂರ್ಯ ಮುಳುಗುವವರೆಗೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಬಾರದು, ಔಷಧಿಯ ಮೇಲಿನ ಭರವಸೆಯನ್ನೂ ದೇವರ ಮುಂದೆ ಇಡಿ ಎಂದು ಸಾರಿದವನು ನಾನು. ಎಲ್ಲರದೂ ಮುಗಿದ ಮೇಲೆ ಬಂದ ಗುರುವಾರ ನೀನು ನಿದ್ದೆಯಿಲ್ಲ ಅಂದೆ. "ಇನ್ನೊಂದು ಏಳು ದಿನ ಮುಂದುವರಿಸು, ದೇವರು ನಿನ್ನೊಡನೆ ಮಾತಾಡುತ್ತಿರಬಹುದು" ಎಂದೆ ನಾನು. ನೀನು ತಲೆ ಬಗ್ಗಿಸಿ, "ಆಗಲಿ ಪಾಸ್ಟರ್" ಅಂದೆ. ನಿನ್ನ ಕಣ್ಣು ಆಗಲೇ ನಿದ್ದೆಯಿಲ್ಲದೆ ಹೊಳೆಯುತ್ತಿತ್ತು. ಅದನ್ನು ನಾನು ಭಕ್ತಿ ಅಂದುಕೊಂಡೆ.

ನಿನ್ನನ್ನು ಕಾಲುವೆಯಿಂದ ಎತ್ತಿದೆ ಎಂದು ಮೂರು ತಿಂಗಳಿಂದ ಒಳಗೊಳಗೇ ಬೀಗುತ್ತಿದ್ದೆ. ನಿನ್ನನ್ನು ಅಲ್ಲಿಗೆ ಇಳಿಸಿದವನೂ ನಾನೇ. ಮಾತ್ರೆ ಬಿಟ್ಟದ್ದನ್ನು ನೀನು ಡಾಕ್ಟರಿಗೆ ಹೇಳಿದ್ದೀಯ, ನನಗೇಕೆ ಹೇಳಲಿಲ್ಲ? ಏಳು ಕಾಗದಗಳಾದವು ನಮ್ಮ ನಡುವೆ.

ಅಬ್ದಿಯಾಸ್


ಆಸ್ಪತ್ರೆ
17 ಜುಲೈ 2014

ಪಾಸ್ಟರ್,

ಏಕೆಂದರೆ ನನಗೆ ಕಾಗದ ಬರೆಯುತ್ತಿದ್ದವರು ನೀವೊಬ್ಬರೇ. ಹೇಳಿದ್ದರೆ ನೀವು ಬರೆಯುವುದನ್ನು ನಿಲ್ಲಿಸುತ್ತಿದ್ದಿರಿ. ನಾಚಿಕೆಯಾದಾಗ ನೀವು ಏನು ಮಾಡುತ್ತೀರಿ ಎಂದು ಜೂನ್ ತಿಂಗಳಲ್ಲಿ ನೋಡಿದ್ದೇನೆ.

ಮಾತ್ರೆ ತೆಗೆದುಕೊಳ್ಳುತ್ತೇನೆ ಎಂಬುದನ್ನು ನಾನೂ ಮುಚ್ಚಿಟ್ಟಿದ್ದೆ. ತಪ್ಪು ನಿಮ್ಮೊಬ್ಬರದೇ ಎಂದು ನಾನು ಎಲ್ಲೂ ಹೇಳಿಲ್ಲ. ಹಾಗೆಂದು ನನಗೆ ಕೋಪವಿಲ್ಲ ಎಂದುಕೊಳ್ಳಬೇಡಿ. ಇದೆ. ಬೆಳಿಗ್ಗೆ ಏಳುವಾಗ ಇರುತ್ತದೆ, ಊಟಕ್ಕೆ ಕುಳಿತಾಗ ಇರುತ್ತದೆ. ಹಾಗಿದ್ದೂ ಕಾಗದದ ಗಾಡಿ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ.

ಇಲ್ಲಿನವರು ನನಗೆ ಸ್ಪೊಕೇನ್ ನಗರದಲ್ಲಿ ಒಂದು ಕೋಣೆ ನೋಡಿದ್ದಾರೆ. ನನ್ನಂಥವರೇ ಐದು ಜನ ಹೆಂಗಸರು ಇರುವ ಮನೆ. ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಸನ್ನಿಸೈಡಿನಲ್ಲಿ ಎಲ್ಲರೂ ಬಲ್ಲರು, ಆದರೆ ಅವರು ಬಲ್ಲ ಕಾಸಿಲ್ದಾ ಸಕಾತೆಕಾಸ್‌ನಲ್ಲಿ ಅಮ್ಮನ ಕಾಲು ಒತ್ತುತ್ತಿದ್ದಾಳೆ. ಸುಳ್ಳು ನಿಂತರೆ ನಾನು ಊರಿಗೆ ಬರುತ್ತೇನೆ. ನಿಲ್ಲಿಸಬೇಕಾದವಳು ನಾನಲ್ಲ. 25ರ ಶುಕ್ರವಾರದೊಳಗೆ ನಿಮ್ಮಿಂದ ಏನೂ ಬರದಿದ್ದರೆ ಸ್ಪೊಕೇನಿಗೆ ಹೋಗುತ್ತೇನೆ.

ಕಾಸಿಲ್ದಾ


ಸನ್ನಿಸೈಡ್
21 ಜುಲೈ 2014

ಕಾಸಿಲ್ದಾ,

ನಿನ್ನೆ ಭಾನುವಾರ ಹೇಳಿದೆ. ಪ್ರಸಂಗ ಮಾಡಲಿಲ್ಲ, ಬೈಬಲ್ ತೆರೆಯಲೂ ಇಲ್ಲ. ಕಾಲುವೆ, ಆಸ್ಪತ್ರೆ, ಸೊಂಟದ ಸುಳ್ಳು, ಉಪವಾಸ, ಮಾತ್ರೆ, ಎಲ್ಲವನ್ನೂ ಹೇಳಿದೆ. ಎಲಿಯಾಸಾರನ ನೀರಿನ ವಿಷಯವನ್ನೂ. ನಿನ್ನ ಕಾಯಿಲೆಯ ಹೆಸರು ಹೇಳುವಾಗ ನಾಲಿಗೆ ತೊದಲಿತು, ಮತ್ತೊಮ್ಮೆ ಸರಿಯಾಗಿ ಹೇಳಿದೆ.

ಯಾರೂ ಎದ್ದು ಬಂದು ನನ್ನನ್ನು ತಬ್ಬಿಕೊಳ್ಳಲಿಲ್ಲ. ಬಹಳ ಜನ ನೆಲ ನೋಡುತ್ತಿದ್ದರು. ಬೆನಿಗ್ನೊ ಎದ್ದ. "ಪಾಸ್ಟರ್ರೇ, ಹುಡುಗೀನ ಇಲ್ಲಿಗೆ ಕರ್ಕೊಂಡು ಬನ್ನಿ. ಮೂರು ದಿನ ಕೊಡಿ ಸಾಕು, ಒಳಗಿರೋದನ್ನ ಹೊರಗೆ ಹಾಕ್ತೀನಿ" ಅಂದ. "ಅವಳ ತಲೆ ಮೇಲೆ ಕೈ ಇಡೋಕೆ ಮುಂಚೆ ನನ್ನ ದಾಟ್ಕೊಂಡು ಹೋಗ್ಬೇಕು ನೀನು" ಅಂದೆ. ಮೂವತ್ತೈದು ವರ್ಷ ತಡವಾಗಿ ಬಂದ ಮಾತು. ಅವನು ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೋದ, ಇನ್ನೂ ಮೂರು ಮನೆಯವರು ಹಿಂದೆಯೇ ಹೋದರು. ಮಕಾರಿಯೊ ಹೋಗಲಿಲ್ಲ, ಆದರೆ ಬೈದ. "ಹದಿಮೂರು ವಾರ! ನನ್ ಕಾಲಿಗೆ ಅವಳು ಮೂರು ಸಲ ಸಾರು ಹೊತ್ಕೊಂಡು ಬಂದಿದ್ಲು. ನಂಗೊಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ವೇನ್ರೀ ನಿಮಗೆ?"

ಇಷ್ಟೆಲ್ಲ ಆಗುವಾಗ ಓರ್ತೆನ್ಸಿಯಾ ಅಕ್ಕ ಮುಂದಿನ ಬೆಂಚಿನಲ್ಲಿ ಕುಳಿತು ಒಂದು ಸಲ ನನ್ನ ಮುಖ, ಒಂದು ಸಲ ಇವರ ಮುಖ ನೋಡುತ್ತಿದ್ದರು. "ಏನಂತೆ? ಯಾರು ಸತ್ರು?" ಎಂದು ಕೂಗಿದರು. ನಾನು ಹಾಡಿನ ಹಾಳೆಯ ಹಿಂದೆ ಎಲ್ಲವನ್ನೂ ಬರೆದು ಕೈಗೆ ಕೊಟ್ಟೆ. ನೀನು ಬಾಗಿಲ ಬಗ್ಗೆ ಬರೆದದ್ದನ್ನೂ ಬರೆದೆ. ಅವರು ಎರಡು ಸಲ ಓದಿದರು. ಆಮೇಲೆ ಎಲ್ಲರ ಕಡೆ ತಿರುಗಿ ನಿಂತರು.

"ಎಂಟು ವರ್ಷದಿಂದ ನನಗೆ ಕಿವಿ ಕೇಳ್ಸಲ್ಲ. ಎರಡೂ ಕಿವಿ. ಪಾಸ್ಟರಿಗೊಬ್ಬರಿಗೇ ಗೊತ್ತು. ಗೊತ್ತಾದ್ರೆ ಹಾಡೋರ ಸಾಲಿಂದ ತೆಗೀತೀರ, ಮುದುಕಿ ಅಂತ ಮೂಲೇಲಿ ಕೂರಿಸ್ತೀರ ಅಂತ ಮುಚ್ಚಿಟ್ಟೆ. ಏನೂ ಕೇಳ್ಸಲ್ಲ ಅಂತಾನೇ ಪಾಸ್ಟರ್ ನನ್ನ ಆ ಬಾಗಿಲಲ್ಲಿ ಕೂರಿಸಿದ್ದು. ಆ ಹುಡುಗಿ ತುಟಿ ಅಲುಗಿದಾಗೆಲ್ಲ, ಪಾಪ, ಏನು ಕಷ್ಟಾನೋ ಅಂತ ತಲೆ ಎತ್ತಿ ನೋಡ್ತಿದ್ದೆ. ಅವಳ ಒಂದೇ ಒಂದು ಮಾತೂ ನನ್ನ ಕಿವಿಗೆ ಬಿದ್ದಿಲ್ಲ!"

ಹೇಳಿ ಕುಳಿತು, ಮುಖ ಮುಚ್ಚಿಕೊಂಡು ಅತ್ತರು. ಅವರ ಗುಟ್ಟನ್ನೂ, ನಿನ್ನ ಗುಟ್ಟನ್ನೂ, ನನ್ನದನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ ನಾನು. ಒಂದನ್ನು ಹೇಳಿದ್ದರೂ ನೀನು ಬಾಯಿ ಬಿಡುತ್ತಿದ್ದೆ.

ಶುಕ್ರವಾರ ಒಂಬತ್ತಕ್ಕೆ ಬರುತ್ತೇವೆ. ಅಕ್ಕ ಜೊತೆಗೆ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಈ ಸಲ ಒಳಗೆ ಬರುತ್ತೇನೆ.

ಅಬ್ದಿಯಾಸ್


ಸ್ಪೊಕೇನ್
3 ಆಗಸ್ಟ್ 2014

ಪಾಸ್ಟರ್ ಅಬ್ದಿಯಾಸ್,

ನಿಮ್ಮ 21ರ ಕಾಗದ ನನಗೆ ಸಿಕ್ಕಿದ್ದು ಮೊನ್ನೆ. ಬಿಡುಗಡೆಗೆ ಮುಂಚೆ, ಮಂಗಳವಾರ, ನನ್ನನ್ನು ಇನ್ನೊಂದು ಕಟ್ಟಡಕ್ಕೆ ಕಳಿಸಿದ್ದರು. ಕಾಗದ ಹಳೆಯ ಮಹಡಿಯಲ್ಲೇ ಉಳಿದಿತ್ತು. ಬುಧವಾರ ಬರಲಿಲ್ಲ, ಗುರುವಾರ ಬರಲಿಲ್ಲ. ನೀವು ಮತ್ತೆ ಗಾಡಿಯಲ್ಲೇ ಕುಳಿತುಬಿಟ್ಟಿರಿ ಅಂದುಕೊಂಡೆ. ಶುಕ್ರವಾರ ಎಂಟಕ್ಕೆ ಈ ಮನೆಯವರ ವ್ಯಾನು ಬಂತು, ಹತ್ತಿಬಿಟ್ಟೆ. ಆಮೇಲೆ ಬೆಲೆನ್ ಫೋನು ಮಾಡಿ ಹೇಳಿದಳು: ಟೋಪಿ ಕೈಯಲ್ಲಿ ಹಿಡಿದ ಒಬ್ಬ ಗಂಡಸು, ದೊಡ್ಡ ದನಿಯ ಒಬ್ಬ ಅಜ್ಜಿ. ಅಜ್ಜಿ ಮೂರು ಮಹಡಿಯಲ್ಲೂ ನನ್ನ ಹೆಸರು ಕೂಗಿಕೊಂಡು ತಿರುಗಿದರಂತೆ. ಕಾವಲಿನವರು ಬರಬೇಕಾಯಿತಂತೆ. ನಾನು ಫೋನು ಹಿಡಿದುಕೊಂಡೇ ನೆಲದ ಮೇಲೆ ಕುಳಿತೆ.

ಈಗ ನಾನು ಬರುವುದಿಲ್ಲ. ಕೋಪಕ್ಕಲ್ಲ. ಇಲ್ಲಿ ಡಾಕ್ಟರು ನಡೆದು ಹೋಗುವಷ್ಟು ಹತ್ತಿರ, ಹೋಟೆಲೊಂದರಲ್ಲಿ ಬಟ್ಟೆ ಮಡಿಸುವ ಕೆಲಸ ಸಿಕ್ಕಿದೆ, ಆರು ಗಂಟೆ ನಿದ್ದೆ ಬರುತ್ತದೆ. ಮಕ್ಕಳ ಮುಂದೆ ನಿಲ್ಲಲು ಇನ್ನೂ ಧೈರ್ಯ ಬಂದಿಲ್ಲ. ಸಂಜೆಗಳು ಬಹಳ ಉದ್ದ. ಈ ಮನೆಯಲ್ಲಿ ಎಲ್ಲರೂ ಅವರವರ ಕೋಣೆಯ ಬಾಗಿಲು ಹಾಕಿಕೊಂಡು ಟಿವಿ ನೋಡುತ್ತಾರೆ.

ಇವತ್ತು ಇಲ್ಲಿ ನಮ್ಮ ಭಾಷೆಯ ಒಂದು ಸಭೆಗೆ ಹೋಗಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ಒಳ್ಳೆಯವಳು, ಹಾಡಿನ ಪುಸ್ತಕ ಹಂಚಿಕೊಂಡಳು. "ಹೊಸಬಳಾ ನೀನು? ಎಲ್ಲಿದ್ದೆ ಇಷ್ಟು ದಿನ?" ಎಂದು ಕೇಳಿದಳು. ಏನು ಬೇಕಾದರೂ ಹೇಳಬಹುದಿತ್ತು, ಅವಳಿಗೇನು ಗೊತ್ತು? "ಮಾನಸಿಕ ಆಸ್ಪತ್ರೆಯಲ್ಲಿದ್ದೆ, ಮೂರು ತಿಂಗಳು" ಅಂದೆ. "ದೇವರು ದೊಡ್ಡವನು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ಕೈಚೀಲವನ್ನು ಎತ್ತಿ ಆ ಕಡೆ ಇಟ್ಟುಕೊಂಡಳು. ನಾನು ಕೊನೆಯವರೆಗೂ ಕುಳಿತಿದ್ದು, ಎಲ್ಲ ಹಾಡನ್ನೂ ಹಾಡಿ ಬಂದೆ.

ಗುರುವಾರ ನನಗೆ ರಜೆ. ಈ ಬೀದಿಯ ತುದಿಯಲ್ಲಿ ಒಂದು ಕಾಫಿ ಅಂಗಡಿ ಇದೆ, ಮಧ್ಯಾಹ್ನ ಜನ ಕಡಿಮೆ. ಎರಡು ಗಂಟೆಯಿಂದ ಅಲ್ಲಿರುತ್ತೇನೆ. ಓರ್ತೆನ್ಸಿಯಾ ಅಕ್ಕನಿಗೆ ನಾನೇ ಬೇರೆ ಕಾಗದ ಬರೆದಿದ್ದೇನೆ, ಅವರು ಇನ್ನೊಂದು ದಿನ ಬರಲಿ. ನೀವು ಈ ಗುರುವಾರ ಒಬ್ಬರೇ ಬನ್ನಿ. ಜನ ಏನಾದರೂ ಅಂದುಕೊಳ್ಳಲಿ.

ಆರು ವರ್ಷದ ಮಾತಿದೆ. ಅದರಲ್ಲಿ ನೀವು ಕೇಳಲು ಇಷ್ಟಪಡದ್ದೂ ಬಹಳ ಇದೆ. ಕುಳಿತ ಕೂಡಲೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಬೇಡಿ ಪಾಸ್ಟರ್. ಮೊದಲು ನಾನು ಹೇಳುವುದನ್ನು ಕೇಳಿ.

ಕಾಸಿಲ್ದಾ